ಬಟ್ಟಲಿನಲ್ಲಿ ಉಳಿದದ್ದು

ಕಡಬ ಪೇಟೆಯಲ್ಲಿ ಎಜ್ರ ಟೈಲರನ ಅಂಗಡಿ ಎಲ್ಲಿ ಎಂದು ಎಂಬತ್ತರ ಸುಮಾರಿಗೆ ಯಾರನ್ನಾದರೂ ಕೇಳಿದ್ದರೆ, ಅವರು ಕೈ ತೋರಿಸಿ ಕೂಡಲೇ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು. "ಬಟ್ಟೆ ಹೊಲಿಸ್ಲಿಕ್ಕಾದ್ರೆ ಅಲ್ಲಿಗೆ ಬೇಡ ಮಾರಾಯ್ರೆ, ಬಸ್ಸು ನಿಲ್ಲುವಲ್ಲಿ ಬೇರೆ ಒಬ್ರು ಇದ್ದಾರೆ." ಹೀಗೆ ಹೇಳುವವರಿಗೆ ಎಜ್ರನ ಮೇಲೆ ಹಗೆಯೇನೂ ಇರಲಿಲ್ಲ. ಅವನ ಹೊಲಿಗೆಯ ಮೇಲೆ ದೂರೂ ಇರಲಿಲ್ಲ. ಸುತ್ತ ಹತ್ತೂರಲ್ಲಿ ಅಷ್ಟು ನೇರವಾದ ಹೊಲಿಗೆ ಬೇರೆ ಯಾರಿಗೂ ಬರುವುದಿಲ್ಲ ಎಂದು ಒಪ್ಪಿಕೊಂಡೇ ಅವರು ಬೇರೆ ಕಡೆ ಕಳಿಸುತ್ತಿದ್ದರು.

ಅಂಗಡಿಯೊಳಗೆ ಇಣುಕಿದರೆ ಕಾರಣ ತಾನಾಗಿ ಕಾಣುತ್ತಿತ್ತು. ಹಗ್ಗದ ಮೇಲೆ ರವಿಕೆಗಳು, ಅಂಗಿಗಳು ತೂಗುತ್ತಿದ್ದವು. ಒಂದಕ್ಕೂ ಗುಂಡಿ ಇಲ್ಲ, ಕೊಕ್ಕೆ ಇಲ್ಲ. ಗುಂಡಿ ಇರಬೇಕಾದಲ್ಲಿ ಹೆಬ್ಬೆರಳಿನ ಗಾತ್ರದ ಮರದ ತುಂಡು, ಅದಕ್ಕೆ ಎದುರಾಗಿ ಬಳೆಯಷ್ಟು ಅಗಲದ ಬಟ್ಟೆಯ ಉಂಗುರ. ಬೆರಳಿಲ್ಲದವರು ಮಣಿಕಟ್ಟಿನಿಂದ ನೂಕಿ, ಬೇಕಾದರೆ ಹಲ್ಲಿನಿಂದ ಎಳೆದು, ಇನ್ನೊಬ್ಬರನ್ನು ಕರೆಯದೆ ಹಾಕಿಕೊಳ್ಳಬಹುದಾದ ಉಡುಪು ಅದು. ಗುರುವಾರ ಬೆಳಿಗ್ಗೆ ಎಜ್ರ ಅವನ್ನೆಲ್ಲ ಮಡಚಿ ತಗಡಿನ ಪೆಟ್ಟಿಗೆಗೆ ತುಂಬಿ ಸುಬ್ರಹ್ಮಣ್ಯದ ಬಸ್ಸು ಹತ್ತುತ್ತಿದ್ದ. ಅಲ್ಲಿ ಯಾತ್ರಿಕರು ಇಳಿದು ನಡೆಯುವ ದಾರಿಯ ಬದಿಯಲ್ಲಿ, ಕುಷ್ಠ ತಿಂದ ಕೈಗಳನ್ನು ಮುಂದೆ ಚಾಚಿ ಕೂರುವವರ ಒಂದು ಸಾಲು ಇತ್ತು. ಅವರೇ ಅವನ ಗಿರಾಕಿಗಳು. ಅವರ ಮೈಗೆ ಟೇಪು ಹಿಡಿದು ಅಳತೆ ತೆಗೆದು, ಅದೇ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ವಾಪಸು ಬರುವವನ ಕೈಯಲ್ಲಿ ಮದುವೆಯ ಅಂಗಿ ಹೊಲಿಸಲು ಯಾರಿಗೆ ಮನಸ್ಸು ಬಂದೀತು?

ಇದನ್ನು ನೋಡಿ ಯಾರಾದರೂ ಅವನ ಧೈರ್ಯವನ್ನು ಹೊಗಳಲು ಹೊರಟರೆ ಎಜ್ರ ಸಿಟ್ಟಾಗುತ್ತಿದ್ದ. ಆ ಸಿಟ್ಟು ವಿನಯದ್ದಲ್ಲ. ಅವನು ಹುಟ್ಟಾ ಪುಕ್ಕಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುಂಬ್ರದ ಹತ್ತಿರ ಹುಟ್ಟಿ, ಪುತ್ತೂರಿನಲ್ಲಿ ಹೊಲಿಗೆ ಕಲಿತು, ಎಸ್ತೇರಿಯನ್ನು ಮದುವೆಯಾಗಿ ಕಡಬಕ್ಕೆ ಬಂದು ನೆಲೆಸಿದವನು. ಎರಡು ಸಲ ಅಳೆಯದೆ ಕತ್ತರಿ ಹಿಡಿದವನಲ್ಲ. ಯಾವ ಅಂಗಿಯಾದರೂ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುವವನು. ನಾಳೆ ಗಿರಾಕಿ ದಪ್ಪಗಾದರೆ ಬಿಚ್ಚಿ ಕೊಡಬಹುದಲ್ಲ ಎಂಬ ಲೆಕ್ಕ. ದೇವರನ್ನೂ ಅವನು ಹಾಗೆಯೇ ನಂಬಿದ್ದ, ಎರಡು ಬೆರಳು ಒಳಗೆ ಬಿಟ್ಟು.

ಅವನಿಗೆ ಇನ್ನೊಂದು ವಿಚಿತ್ರ ಅಭ್ಯಾಸವಿತ್ತು. ಚಹಾ ಇರಲಿ, ಗಂಜಿ ತಿಳಿ ಇರಲಿ, ಬರೀ ನೀರೇ ಇರಲಿ, ಕೊನೆಯ ಒಂದು ಗುಟುಕು ಲೋಟದಲ್ಲಿ ಬಿಟ್ಟುಬಿಡುತ್ತಿದ್ದ. ಮೊದಮೊದಲು ಎಸ್ತೇರಿ, "ಅದೊಂದು ಗುಟುಕು ನಿಮಗೆ ಎಂತ ಭಾರ ಆಗ್ತದಾ?" ಎಂದು ಬೈಯುತ್ತಿದ್ದಳು. ಆಮೇಲೆ ಬೈಯುವುದನ್ನು ನಿಲ್ಲಿಸಿದಳು. ಅದು ಯಾವಾಗ ಸುರುವಾದದ್ದು ಎಂದು ಅವಳಿಗೆ ತಿಳಿದ ಮೇಲೆ ಲೋಟವನ್ನು ಸುಮ್ಮನೆ ಎತ್ತಿಕೊಂಡು ಹೋಗಿ ತೊಳೆದಿಡುತ್ತಿದ್ದಳು.

ಅದಕ್ಕೆ ಕಾರಣ ಹುಟ್ಟಿದ್ದು ಎಪ್ಪತ್ತಮೂರನೇ ಇಸವಿಯ ಒಂದು ಆದಿತ್ಯವಾರ, ಗುಡ್ಡೆಯ ಮೇಲಿನ ಚರ್ಚಿನಲ್ಲಿ.

ಆ ಚರ್ಚು ತೀರ ಚಿಕ್ಕದು. ಒಟ್ಟು ನಲವತ್ತು ಮಂದಿಯ ಸಭೆ. ಪಾದ್ರಿ ಅಯ್ಯನವರು ಪುತ್ತೂರಿನಲ್ಲಿ ಇದ್ದರು. ತಿಂಗಳಿಗೊಂದು ಆದಿತ್ಯವಾರ ಬೆಳಗಿನ ಬಸ್ಸಿಗೆ ಬಂದು ಆರಾಧನೆ ನಡೆಸಿ, ಯೇಸುವಿನ ಕೊನೆಯೂಟದ ನೆನಪಿಗೆ ಕರ್ತನ ಭೋಜನ ಕೊಟ್ಟು ಹೋಗುತ್ತಿದ್ದರು. ರೊಟ್ಟಿ ಅಯ್ಯನವರ ಕೈಯಲ್ಲಿ, ದ್ರಾಕ್ಷಾರಸದ ಬಟ್ಟಲು ಸಭೆಯ ಹಿರಿಯನಾದ ಎಜ್ರನ ಕೈಯಲ್ಲಿ. ಎಲ್ಲರಿಗೂ ಒಂದೇ ಬಟ್ಟಲು. ಒಬ್ಬರು ಕುಡಿದ ಮೇಲೆ ಎಜ್ರ ಬಿಳಿ ವಸ್ತ್ರದಿಂದ ಅಂಚನ್ನು ಒರೆಸಿ, ಬಟ್ಟಲನ್ನು ತುಸು ತಿರುಗಿಸಿ, ಮೊಣಕಾಲೂರಿದ ಮುಂದಿನವರ ತುಟಿಗೆ ಹಿಡಿಯಬೇಕು. ರಸ ಮಾಡುವವನೂ ಅವನೇ. ಪುತ್ತೂರಿನಿಂದ ಒಣದ್ರಾಕ್ಷಿ ತಂದು, ನೆನೆಹಾಕಿ, ಕುದಿಸಿ, ತೆಳುವಾದ ಬಟ್ಟೆಯಲ್ಲಿ ಸೋಸುತ್ತಿದ್ದ. ಆರಾಧನೆ ಸುರುವಾಗುವ ಮೊದಲು ಬದಿಯ ಬಾಗಿಲಿನಿಂದ ತಲೆ ಎಣಿಸಿ, ತಲೆಗೊಂದು ಚಮಚೆಯಂತೆ ಸುರಿದು, ಮೇಲೆ ಇರಲಿ ಎಂದು ಇನ್ನೂ ನಾಲ್ಕು ಚಮಚೆ ಹಾಕುವನು. ಅವನು ಹಿರಿಯನಾದ ಹದಿಮೂರು ವರ್ಷಗಳಲ್ಲಿ ರಸ ಕಡಿಮೆ ಬಿದ್ದದ್ದು ಅಂತಿಲ್ಲ.

ಹೆಚ್ಚಾದರೆ ಏನು ಮಾಡುವುದು? ಅದಕ್ಕೂ ಒಂದು ಕ್ರಮ ಇತ್ತು. ಪ್ರಾರ್ಥಿಸಿ ಹಂಚಿದ್ದನ್ನು ಚೆಲ್ಲುವ ಹಾಗಿಲ್ಲ, ಎತ್ತಿಡುವ ಹಾಗೂ ಇಲ್ಲ. ಬಟ್ಟಲು ಹಿಡಿದವನು ಒಳಕೋಣೆಗೆ ಹೋಗಿ, ಎಲ್ಲರ ತುಟಿ ತಾಗಿದ ಆ ರಸವನ್ನು ಕೊನೆಯ ಹನಿಯವರೆಗೆ ತಾನೇ ಕುಡಿಯಬೇಕು.

ಚೆನ್ನು ಇದ್ದದ್ದು ಇಚಿಲಂಪಾಡಿಯ ಹೊಳೆಬದಿಯ ಒಂದು ಮುಳಿಹುಲ್ಲಿನ ಗುಡಿಸಲಿನಲ್ಲಿ. ಹರೆಯದಲ್ಲೇ ಅವಳಿಗೆ ಕುಷ್ಠ ಬಂತು, ಮನೆಯವರು ದೂರ ಮಾಡಿದರು. ಮಂಗಳೂರು ಕಡೆಯ ಒಂದು ಆಸ್ಪತ್ರೆಯಲ್ಲಿ ಎಂಟು ವರ್ಷ ಇದ್ದು, ಅಲ್ಲೇ ತಾನಾಗಿ ಕೇಳಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾಗಿ, ಗುಣವಾಗಿ ಹೊರಗೆ ಬಂದಿದ್ದಳು. ರೋಗ ಹೋಗಿತ್ತು, ಆದರೆ ಹೋಗುವಾಗ ಬೆರಳುಗಳನ್ನು ತೆಗೆದುಕೊಂಡು ಹೋಗಿತ್ತು. ಆ ಮೋಟು ಕೈಗಳಲ್ಲೇ ಅವಳು ಗುಡಿಸುವ ಹಿಡಿಸೂಡಿ ಕಟ್ಟಿ ಮಾರುತ್ತಿದ್ದಳು. ಆದಿತ್ಯವಾರ ಅಷ್ಟು ದೂರದಿಂದ ನಡೆದು ಬಂದು ಚರ್ಚಿನ ಹೊರಜಗಲಿಯಲ್ಲಿ, ಎಲ್ಲರೂ ಚಪ್ಪಲಿ ಕಳಚುವಲ್ಲಿ ಕೂರುವಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ, ಹೊರಗೆ ಹೋಗು ಎಂದೂ ಹೇಳಿರಲಿಲ್ಲ. ನಲವತ್ತು ಜನ ಒಳ್ಳೆಯವರು ಸೇರಿದರೆ ಇಂಥ ಏರ್ಪಾಡು ಬಾಯಿಬಿಡದೆಯೇ ಆಗಿಹೋಗುತ್ತದೆ.

ಆ ಶನಿವಾರ ಅವಳು ಎಜ್ರನ ಅಂಗಡಿಯ ಎದುರು ಬಂದು ನಿಂತಳು. ಒಳಗೆ ತ್ಯಾಂಪಣ್ಣ ರೈಗಳು ಕೈ ಅಗಲಿಸಿ ಅಳತೆ ಕೊಡುತ್ತಿದ್ದರು. ದೊಡ್ಡ ಕುಳ, ವರ್ಷಕ್ಕೆ ಇಡೀ ಮನೆಯ ಬಟ್ಟೆ ಎಜ್ರನಿಗೇ ತಂದು ಹಾಕುವವರು.

"ಅಣ್ಣಾ," ಎಂದಳು ಚೆನ್ನು ದಾರಿಯಿಂದಲೇ. "ನಾಳೆ ನಾನೂ ಭೋಜನಕ್ಕೆ ಒಳಗೆ ಬರ್ಬಹುದಾ? ಡಾಕ್ಟ್ರು ಕಾಗದ ಕೊಟ್ಟಿದ್ದಾರೆ, ಇನ್ನು ಯಾರಿಗೂ ಹರಡ್ಲಿಕ್ಕಿಲ್ಲಂತೆ. ಹೋದ ತಿಂಗಳು ಅಯ್ಯನವ್ರಿಗೆ ತೋರಿಸಿದೆ. ಎಜ್ರನತ್ರ ಒಂದು ಮಾತು ಹೇಳು ಅಂದ್ರು."

ರೈಗಳು ಒಂದು ಹೆಜ್ಜೆ ಹಿಂದೆ ಸರಿದದ್ದು ಎಜ್ರನ ಟೇಪಿಗೆ ಗೊತ್ತಾಯಿತು. ಅವಳು ಆದಷ್ಟು ಬೇಗ ಅಲ್ಲಿಂದ ಹೋದರೆ ಸಾಕಾಗಿತ್ತು ಅವನಿಗೆ. "ಬಾ, ಬಾ, ಅದಕ್ಕೆಂತ," ಎಂದುಬಿಟ್ಟ. ಚೆನ್ನುವಿನ ಮುಖ ಅರಳಿತು. ಮುಖ ಅರಳಿದ ಆ ಕ್ಷಣವನ್ನು ಮರೆಯಲು ಎಜ್ರ ಮುಂದೆ ಎಷ್ಟು ಹೆಣಗಿದನೋ ದೇವರೇ ಬಲ್ಲ.

ಮರುದಿನ ಬೆಳಿಗ್ಗೆ ಅವನು ತಲೆ ಎಣಿಸಿದ. ನಲವತ್ತೊಂದು. ನಲವತ್ತೊಂದು ಚಮಚೆ ಸುರಿದು ಮೇಲೆ ನಾಲ್ಕು ಹಾಕಿದ. ಇದನ್ನು ನೆನಪಿಡಬೇಕು: ಅವನು ಅವಳ ಪಾಲನ್ನು ಸುರಿದೇ ಇದ್ದ.

ಎಲ್ಲರೂ ಸಾಲು ಸಾಲಾಗಿ ಬಂದು ಮೊಣಕಾಲೂರಿ ಕುಡಿದು ಎದ್ದು ಹೋದರು. ಕೊನೆಗೆ ಚೆನ್ನು ಒಬ್ಬಳೇ ಬಂದಳು. ಅಯ್ಯನವರು ಅವಳ ಅಂಗೈಯ ಗುಳಿಯಲ್ಲಿ ರೊಟ್ಟಿ ಇಟ್ಟು ಬೆನ್ನು ತಿರುಗಿಸಿ ಮೇಜಿನತ್ತ ನಡೆದರು. ಎಜ್ರ ಬಟ್ಟಲು ಹಿಡಿದು ಅವಳ ಮುಂದೆ ನಿಂತ. ಅವಳ ಕೆಳತುಟಿ ಒಂದು ಬದಿಗೆ ಜೋತಿತ್ತು. ಆ ತುಟಿಯನ್ನು ನೋಡಿದಾಗ ಅವನಿಗೆ ಥಟ್ಟನೆ ಹೊಳೆಯಿತು. ಇವಳ ನಂತರ ಕುಡಿಯುವವರು ಬೇರೆ ಯಾರೂ ಇಲ್ಲ. ಇವಳ ಬಾಯಿ ತಾಗಿ ಉಳಿದದ್ದನ್ನು ಒಳಕೋಣೆಯಲ್ಲಿ ಕುಡಿಯಬೇಕಾದವನು ನಾನು. ಡಾಕ್ಟರ ಕಾಗದ ಅವನಿಗೆ ನೆನಪಿತ್ತು. ಕಾಗದವನ್ನು ನಂಬುವುದು ಬೇರೆ, ಬಾಯಿಯಿಂದ ನುಂಗುವುದು ಬೇರೆ. ಅವಳ ಬೆನ್ನ ಹಿಂದೆ ನಲವತ್ತು ಜನ ನೋಡುತ್ತಿದ್ದರು. ಇವಳ ಎಂಜಲು ಕುಡಿದ ಸುದ್ದಿ ಸೋಮವಾರ ಪೇಟೆಯಲ್ಲಿ, ಮಂಗಳವಾರ ತ್ಯಾಂಪಣ್ಣ ರೈಗಳ ಮನೆಯಲ್ಲಿ.

"ಮುಗಿಯಿತು," ಎಂದ ಎಜ್ರ. ಬಟ್ಟಲನ್ನು ಎದೆಗೆ ಒತ್ತಿ ಹಿಡಿದಿದ್ದ, ಒಳಗೆ ಕಾಣಬಾರದೆಂದು. "ಇವತ್ತು ಕಡಿಮೆ ಬಿತ್ತು."

ಚೆನ್ನು ತಲೆಯೆತ್ತಿ ಅವನನ್ನು ನೋಡಿದಳು. "ಇರ್ಲಿ ಅಣ್ಣಾ," ಎಂದಳು ಮೆಲ್ಲಗೆ. ಮೊಣಕೈ ಊರಿ ಎದ್ದು ಜಗಲಿಗೆ ಹೋದಳು.

ಒಳಕೋಣೆಯಲ್ಲಿ ಎಜ್ರ ಬಟ್ಟಲಿನೊಳಗೆ ನೋಡಿದ. ಐದು ಚಮಚೆಯಷ್ಟು ಇತ್ತು, ಲೆಕ್ಕ ತಪ್ಪಿರಲಿಲ್ಲ. ಚೆಲ್ಲುವ ಹಾಗಿಲ್ಲ. ಕುಡಿದ. ಗಂಟಲಿನಲ್ಲಿ ಆ ರಸ ಇಳಿಯುವ ಸದ್ದು ಅವನಿಗೇ ಜೋರಾಗಿ ಕೇಳಿಸಿತು. ಕಿಟಕಿಯ ಆಚೆಗೇ ಜಗಲಿ. ಅವಳಿಗೆ ಕೇಳಿಸಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಬಸ್ಸು ಹತ್ತುವಾಗ ಅಯ್ಯನವರು, "ಕಡಿಮೆ ಬಿತ್ತಾ ಎಜ್ರಾ ಇವತ್ತು?" ಎಂದು ಕೇಳಿದರು. "ಹೌದು ಅಯ್ಯಾ," ಎಂದ. ಅವರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಬಸ್ಸು ಹತ್ತಿದರು. ಸಭೆಯವರು ಯಾರೂ ಆ ವಿಚಾರ ಎತ್ತಲಿಲ್ಲ. ಹದಿಮೂರು ವರ್ಷ ಒಮ್ಮೆಯೂ ಕಡಿಮೆ ಬೀಳದ ರಸ ಆ ದಿನವೇ ಯಾಕೆ ಕಡಿಮೆ ಬಿತ್ತು ಎಂದು ಒಬ್ಬರೂ ಕೇಳಲಿಲ್ಲ. ಬದಲಿಗೆ ಎಜ್ರನನ್ನು ಕಂಡರೆ ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿಸತೊಡಗಿದರು.

ಮುಂದಿನ ಆದಿತ್ಯವಾರ ಚೆನ್ನು ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ಎರಡು ತಿಂಗಳು ಕಳೆದು ಎಜ್ರ ಇಚಿಲಂಪಾಡಿಗೆ ನಡೆದು ಹೋಗಿ ನೋಡಿದರೆ ಗುಡಿಸಲಿನ ಬಾಗಿಲಿಗೆ ಅಡ್ಡಲಾಗಿ ಒಂದು ಕೋಲು. ಅರ್ಧ ಕಟ್ಟಿದ ಹಿಡಿಸೂಡಿ ಒಂದು ಅಂಗಳದಲ್ಲಿ ಬಿದ್ದಿತ್ತು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಅದು ಸುಬ್ರಹ್ಮಣ್ಯಕ್ಕೆ ಹೋಗಿ ಬೇಡ್ತಾ ಉಂಟಂತೆ," ಎಂದಳು.

ಕೈಯಿಂದ ದುಡಿದು ತಿನ್ನುತ್ತಿದ್ದವಳು ಬೇಡಲು ಯಾಕೆ ಹೋದಳು? ನಾನು ಕುಡಿದದ್ದು ಅವಳಿಗೆ ಕೇಳಿಸಿದೆ, ಎಂದುಕೊಂಡ ಎಜ್ರ. ನಮ್ಮನ್ನೂ ನಮ್ಮ ದೇವರನ್ನೂ ಬಿಟ್ಟು ಹೋದಳು.

ಅಲ್ಲಿಂದ ಸುರುವಾಯಿತು ಅವನಿಗೆ. ಲೋಟದ ತಳದ ಗುಟುಕು ಗಂಟಲಿನಲ್ಲಿ ಇಳಿಯದಾಯಿತು. ಒತ್ತಾಯಿಸಿ ನುಂಗಿದರೆ ಆ ಸದ್ದು, ಒಳಕೋಣೆಯಲ್ಲಿ ಕೇಳಿದ ಅದೇ ಸದ್ದು. ಅಂಗಡಿಯಲ್ಲಿ ಯಂತ್ರ ತುಳಿಯುತ್ತಿದ್ದಾಗ ದಾರಿಯಿಂದ "ಅಣ್ಣಾ" ಎಂದಂತಾಗಿ ತಲೆಯೆತ್ತಿದರೆ ಯಾರೂ ಇಲ್ಲ. ಭೋಜನದ ಆದಿತ್ಯವಾರ ತಲೆ ಎಣಿಸಿದರೆ ನಲವತ್ತೊಂದು ಬರುತ್ತಿತ್ತು. ಕೂಡಲೇ ಜಗಲಿಯತ್ತ ನೋಡುವನು. ಚಪ್ಪಲಿಗಳ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಯಾರೂ ಬೇಕೆಂದು ಬಿಟ್ಟದ್ದಲ್ಲ, ಅಷ್ಟು ವರ್ಷದ ರೂಢಿಯಿಂದ ಅಲ್ಲಿ ಯಾರೂ ಚಪ್ಪಲಿ ಬಿಡುತ್ತಿರಲಿಲ್ಲ. ಮತ್ತೆ ಎಣಿಸಿದರೆ ನಲವತ್ತು. ಆದರೂ ಅವನ ಕೈ ನಲವತ್ತೊಂದು ಚಮಚೆ ಸುರಿಯುತ್ತಿತ್ತು. ಉಳಿದದ್ದನ್ನು ಒಳಕೋಣೆಯಲ್ಲಿ ಕಣ್ಣುಮುಚ್ಚಿ, ಮೂಗು ಹಿಡಿದು, ಕಷಾಯ ಕುಡಿಯುವವರಂತೆ ಕುಡಿಯುತ್ತಿದ್ದ.

ಹೋಗಿ ಅವಳನ್ನು ಕರೆದು ತಂದರೆ ಮುಗಿಯುತ್ತಿತ್ತಲ್ಲ? ಎಪ್ಪತ್ತನಾಲ್ಕರಲ್ಲಿ ಒಮ್ಮೆ ಹೋದ ಕೂಡ. ಬಸ್ಸಿನಲ್ಲಿ ಅವನ ಮುಂದಿನ ಸೀಟಿನಲ್ಲೇ ತ್ಯಾಂಪಣ್ಣ ರೈಗಳು ಮನೆಮಂದಿಯೊಂದಿಗೆ ಕೂತಿದ್ದರು. "ನೀವೆಂತ ಎಜ್ರಾ ನಮ್ಮ ಸುಬ್ರಹ್ಮಣ್ಯಕ್ಕೆ?" ಎಂದು ನಗುತ್ತಾ ಕೇಳಿದರು. ಬಸ್ಸು ನಿಂತಿತು. ಕಿಟಕಿಯಿಂದ ಸಾಲು ಕಾಣುತ್ತಿತ್ತು. ಮೂರನೆಯವಳೋ ನಾಲ್ಕನೆಯವಳೋ ತಲೆಗೆ ಸೆರಗು ಹೊದ್ದು ಕೂತಿದ್ದಳು. ಆ ಬೆನ್ನು ಅವನಿಗೆ ಗೊತ್ತಿದ್ದ ಬೆನ್ನಿನಂತೆಯೇ ಇತ್ತು. ರೈಗಳು ಇಳಿದು, ಅವನಿಗಾಗಿ ಕಾಯುತ್ತಾ ನಿಂತರು. "ನನಗೆ ಇಳೀಲಿಕ್ಕಿಲ್ಲ, ಮುಂದೆ ಸ್ವಲ್ಪ ಕೆಲಸ ಉಂಟು," ಎಂದ ಎಜ್ರ. ಆ ಬಸ್ಸು ಮುಂದೆ ಎಲ್ಲಿಗೂ ಹೋಗುವುದಿರಲಿಲ್ಲ. ಜನ ಎಲ್ಲ ಹೋದ ಮೇಲೂ ಅವನು ಸೀಟಿನಲ್ಲೇ ತಲೆ ತಗ್ಗಿಸಿ ಕೂತು, ಅದೇ ಬಸ್ಸಿನಲ್ಲಿ ಹಿಂದೆ ಬಂದ.

ಹೀಗೆ ಎರಡು ವರ್ಷ ಕಳೆಯಿತು. ಮೈ ಇಳಿಯಿತು, ಹೊಲಿಗೆ ಮಾತ್ರ ನೇರವಾಗಿಯೇ ಇತ್ತು. ಎಪ್ಪತ್ತೈದರ ಒಂದು ಗುರುವಾರ ಬೆಳಿಗ್ಗೆ ಅವನು ರವಿಕೆಯೊಂದನ್ನು ಕತ್ತರಿಸುತ್ತಿದ್ದವನು ಕತ್ತರಿಯನ್ನು ಬಟ್ಟೆಯ ನಡುವೆಯೇ ಬಿಟ್ಟು, ಟೇಪನ್ನು ಕುತ್ತಿಗೆಯಿಂದ ತೆಗೆಯುವುದಕ್ಕೂ ನೆನಪಿಲ್ಲದೆ, ಹೋಗಿ ಬಸ್ಸು ಹತ್ತಿದ. ಆ ದಿನ ಧೈರ್ಯ ಬಂದದ್ದಲ್ಲ. ಹೆದರಿಕೊಂಡಿರಲು ಇದ್ದ ಶಕ್ತಿ ಮುಗಿದಿತ್ತು, ಅಷ್ಟೆ.

ಸಾಲಿನಲ್ಲಿ ಚೆನ್ನು ಇರಲಿಲ್ಲ. ಅವನು ಒಂದು ತುದಿಯಿಂದ ಇನ್ನೊಂದು ತುದಿಗೆ ಮುಖ ಮುಖ ನೋಡುತ್ತಾ ನಡೆಯುವಾಗ, ಮೂಗಿನ ಏಣು ಕುಸಿದುಹೋಗಿದ್ದ ವಯಸ್ಸಾದ ಹೆಂಗಸೊಬ್ಬಳು ಅವನ ಕುತ್ತಿಗೆಯನ್ನೇ ನೋಡಿ ಕೇಳಿದಳು.

"ನೀವು ಕಡಬದ ಟೈಲರಾ?"

ಅವಳ ಹೆಸರು ಪಾತುಮ್ಮ. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನ ಹೆಂಗಸು. ದೇವರು ಯಾರದ್ದಾದರೂ ಜನ ಬರುವಲ್ಲಿ ಹೊಟ್ಟೆ ತುಂಬುತ್ತದೆ ಎಂದು ಬಂದು ಕೂತವಳು.

"ನಿಮಗೆ ಹೇಗೆ ಗೊತ್ತು?"

"ಟೇಪುಂಟಲ್ಲ. ಚೆನ್ನು ಹೇಳ್ತಿದ್ಳು, ಕುತ್ತಿಗೆಗೆ ಟೇಪು ಹಾಕುವ ಒಬ್ರು ಅಣ್ಣ ಬಟ್ಟಲು ಹಿಡಿಯುದು ಅಂತ." ಪಾತುಮ್ಮ ಹೊಳೆಯ ಕಡೆ ತಿರುಗಿದಳು. "ನೀವು ಬರುವಾಗ ತಡ ಆಯ್ತು. ಅವಳು ಹೋಗಿ ಒಂದು ತಿಂಗಳಾಯ್ತು. ಜ್ವರ. ಅಲ್ಲಿ ಹೊಳೆಬದಿ ಮಣ್ಣು ಮಾಡಿದ್ದು."

ಎಜ್ರ ಅಲ್ಲೇ ದಾರಿಯ ನಡುವೆ ನಿಂತ. ಯಾತ್ರಿಕರು ಅವನನ್ನು ಬಳಸಿಕೊಂಡು ಹೋದರು. ಎರಡು ವರ್ಷದಿಂದ ಮನಸ್ಸಿನಲ್ಲಿ ಉರು ಹೊಡೆದಿಟ್ಟಿದ್ದ ಕ್ಷಮೆಯ ಮಾತುಗಳಲ್ಲಿ ಒಂದೂ ಈಗ ಯಾರಿಗೂ ಬೇಡವಾಗಿತ್ತು. "ನನ್ನ ಮೇಲೆ ಸಿಟ್ಟಿತ್ತಾ ಅವಳಿಗೆ?" ಎಂದು ಕೇಳಿದ ಕೊನೆಗೆ.

"ಸಿಟ್ಟಾ? ಎಂತಕ್ಕೆ?" ಪಾತುಮ್ಮ ಹಿಂದಿದ್ದ ಗಂಟಿಗೆ ಕೈ ಹಾಕಿ, ಎರಡು ಮಣಿಕಟ್ಟುಗಳ ನಡುವೆ ಒಂದು ಹಳೆಯ ಡಬ್ಬಿ ಹಿಡಿದು ಹೊರಗೆ ತೆಗೆದಳು. "ಇದು ನಿಮಗೆ ಕೊಡ್ಲಿಕ್ಕೆ ಹೇಳಿದ್ಳು. ನಿಮ್ಮಲ್ಲಿ ಒಂದು ಆದಿತ್ಯವಾರ ಅವಳಿಗೆ ಸಿಗ್ಲಿಲ್ವಂತಲ್ಲ, ಕಡಿಮೆ ಬಿತ್ತಂತಲ್ಲ. 'ಬಡವರ ಚರ್ಚು ಪಾತುಮ್ಮ, ದ್ರಾಕ್ಷಿಗೆ ಎಲ್ಲಿ ಹೋಗ್ತಾರೆ, ಆ ಅಣ್ಣನಿಗೆ ನನ್ನ ಮುಖ ನೋಡ್ಲಿಕ್ಕೇ ಆಗ್ಲಿಲ್ಲ ಪಾಪ,' ಅಂತ ಎಷ್ಟು ಸಲ ಹೇಳಿದ್ದಾಳೋ. ಅದಕ್ಕೇ ಇಲ್ಲಿಗೆ ಬಂದದ್ದು ಅವಳು. ಹಿಡಿಸೂಡಿ ಕಟ್ಟಿದ್ರೆ ಒಂದು ಹೊಟ್ಟೆಗೇ ಸಾಕಾಗುದಿಲ್ಲ. ಇಲ್ಲಿ ಬರುವವ್ರು ಪ್ರಸಾದ ಕೊಡ್ತಾರಲ್ಲ, ಕಲ್ಲುಸಕ್ಕರೆ, ಒಣದ್ರಾಕ್ಷಿ. ಕಲ್ಲುಸಕ್ಕರೆ ನಮಗೆ ಹಂಚುದು. ದ್ರಾಕ್ಷಿ ಮಾತ್ರ ಆರಿಸಿ ಡಬ್ಬಿಗೆ. ಆ ಕೈಯಲ್ಲಿ ಒಂದೊಂದೇ! ನಾವು ನಗಾಡ್ತಿದ್ದೆವು. ತುಂಬಿದ ಮೇಲೆ ತಕ್ಕೊಂಡು ಹೋಗುದು, ಇನ್ನು ಕೊನೆಯವ್ರಿಗೆ ಕಡಿಮೆ ಬೀಳ್ಬಾರ್ದು ಅಂತಿದ್ಳು."

ಎಜ್ರ ಡಬ್ಬಿಯ ಮುಚ್ಚಳ ತೆಗೆದ. ಕಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡ ದ್ರಾಕ್ಷಿ. ಡಬ್ಬಿ ತುಂಬಲು ಎರಡು ಬೆರಳಿನಷ್ಟು ಬಾಕಿ ಇತ್ತು.

ಅವಳು ನೋಡಿರಲಿಲ್ಲ. ಅವಳಿಗೆ ಏನೂ ಕೇಳಿಸಿರಲಿಲ್ಲ. ಚರ್ಚಿನಲ್ಲಿ ಇದ್ದ ಅಷ್ಟು ಜನರಲ್ಲಿ ಅವನ ಸುಳ್ಳನ್ನು ನಂಬಿದವಳು ಅವಳೊಬ್ಬಳೇ. ಅವಳು ಶಪಿಸಿ ಹೋಗಿದ್ದರೆ ಎಜ್ರ ಹೇಗೋ ತಡೆದುಕೊಳ್ಳುತ್ತಿದ್ದ. ಪಾತುಮ್ಮನ ಎದುರು ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಪಾತುಮ್ಮನಿಗೆ ಏನೂ ಅರ್ಥವಾಗದೆ, "ಅಳ್ಬೇಡಿ ಅಣ್ಣಾ, ಅಳ್ಬೇಡಿ," ಎನ್ನುತ್ತಿದ್ದಳು.

ಮನೆಗೆ ಬಂದು ಎಸ್ತೇರಿಗೆ ಎಲ್ಲವನ್ನೂ ಹೇಳಿದ. ಅವಳು ಡಬ್ಬಿಯನ್ನು ಮುಟ್ಟಲಿಲ್ಲ. ದೂರದಿಂದಲೇ ನೋಡಿದಳು.

"ಈಗ ಎಂತ ಮಾಡುದು ಅಂತ ನೀವು?"

"ಇದರಲ್ಲೇ ರಸ ಮಾಡುದು. ಬರುವ ಆದಿತ್ಯವಾರದ ಭೋಜನಕ್ಕೆ."

ಎಸ್ತೇರಿ ಕೆಟ್ಟವಳಲ್ಲ. ಮೂವರು ಮಕ್ಕಳನ್ನು ಸಾಕುವವಳು. ಯೋಚಿಸಿ ಹೇಳಿದಳು. "ಮಾಡಿ. ಕುದಿಸಿದ ಮೇಲೆ ಯಾವ ರೋಗವೂ ಇರ್ಲಿಕ್ಕಿಲ್ಲ. ಆದ್ರೆ ಯಾರಿಗೂ ಹೇಳ್ಬೇಡಿ. ದೇವಸ್ಥಾನದ ಪ್ರಸಾದದ್ದು, ಅವಳು ಮುಟ್ಟಿದ್ದು ಅಂತ ಗೊತ್ತಾದ್ರೆ ಒಬ್ರೂ ಬಾಯಿ ಹಾಕ್ಲಿಕ್ಕಿಲ್ಲ. ಹೇಳದಿದ್ರೆ ಎಲ್ಲರೂ ಕುಡೀತಾರೆ. ಅವಳ ಆಸೆಯೂ ನಡೀತದೆ, ನಮ್ಮ ಅಂಗಡಿಯೂ ಉಳೀತದೆ."

ಮಾತು ಸರಿಯಾಗಿಯೇ ಇತ್ತು. ಅವನು ಜೀವಮಾನವಿಡೀ ಹೊಲಿದ ಅಂಗಿಗಳಂತೆಯೇ ಇತ್ತು ಅದು, ಹೊರಗೆ ನೇರವಾಗಿ ಕಂಡು ಒಳಗೆ ಎರಡು ಬೆರಳು ಅಡಗಿಸಿಟ್ಟದ್ದು. ಶನಿವಾರ ದ್ರಾಕ್ಷಿಯನ್ನು ನೆನೆಹಾಕಿದ. ಕುದಿಸಿದ. ಮನೆಯೆಲ್ಲ ಸಿಹಿ ವಾಸನೆ ತುಂಬಿತು. ಸೋಸುವಾಗಲೂ ಅವನು ಹೇಳಬೇಕೋ ಬೇಡವೋ ಎಂದು ನಿರ್ಧರಿಸಿರಲಿಲ್ಲ. ಆದಿತ್ಯವಾರ ಬದಿಯ ಬಾಗಿಲಿನಲ್ಲಿ ನಿಂತು ತಲೆ ಎಣಿಸುವವರೆಗೂ ಇಲ್ಲ. ಎಣಿಸಿದ. ನಲವತ್ತೊಂದು. ಮತ್ತೆ ಎಣಿಸಲಿಲ್ಲ.

ಅಯ್ಯನವರು ಪ್ರಾರ್ಥಿಸಿ ಬಟ್ಟಲನ್ನು ಅವನ ಕೈಗೆ ಕೊಟ್ಟರು. ಮೊದಲ ಸಾಲಿನವರು ಏಳಲು ಹೊರಟಾಗ ಎಜ್ರ, "ಸ್ವಲ್ಪ ತಡೀರಿ," ಎಂದ.

"ಎರಡು ವರ್ಷದ ಕೆಳಗೆ ನಾನು ಇಲ್ಲಿ ನಿಂತು ಚೆನ್ನುವಿಗೆ ರಸ ಮುಗಿಯಿತು ಅಂತ ಹೇಳಿದೆ. ಮುಗಿದಿರಲಿಲ್ಲ. ಬಟ್ಟಲಿನಲ್ಲಿ ಅವಳ ಪಾಲು ಇತ್ತು. ಒಳಕೋಣೆಯಲ್ಲಿ ಅದನ್ನು ನಾನು ಕುಡಿದೆ. ಅವಳ ಬಾಯಿ ತಾಗಿದ್ದನ್ನು ಕುಡೀಬೇಕಾಗ್ತದೆ ಅಂತ ಹೆದರಿ ಹಾಗೆ ಮಾಡಿದ್ದು. ಅವಳು ಹೋದ ತಿಂಗಳು ತೀರಿಕೊಂಡಳು. ಇದು ಅವಳು ಸುಬ್ರಹ್ಮಣ್ಯದಲ್ಲಿ ಬೇಡಿ ಕೂಡಿಸಿದ ದ್ರಾಕ್ಷಿ. ಬಂದವರು ಕೊಟ್ಟ ಪ್ರಸಾದದಿಂದ ಅವಳ ಕೈಯಲ್ಲೇ ಆರಿಸಿದ್ದು. ನಮಗೆ ಕಡಿಮೆ ಬೀಳ್ಬಾರ್ದು ಅಂತ. ಹೇಳದೆ ಕುಡಿಸ್ಬಹುದಿತ್ತು. ಈ ಬಟ್ಟಲು ಹಿಡಿದು ಇನ್ನೊಂದು ಸುಳ್ಳು ನನ್ನಿಂದ ಆಗುದಿಲ್ಲ. ಬೇಕಾದವರು ಬನ್ನಿ."

ಅಯ್ಯನವರು ಮುಂದೆ ಬಂದು, ಅವನ ಕೈಯಿಂದ ಒಂದು ಗುಟುಕು ಕುಡಿದು, ಮೇಜಿನ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತರು. ಅವರೂ ಆ ದಿನ ಅವನ ಮುಖ ನೋಡಿ ಸುಮ್ಮನೆ ಬಸ್ಸು ಹತ್ತಿದವರಲ್ಲವೇ.

ಬೆಂಚೊಂದು ಕಿರುಗುಟ್ಟಿತು. ಯಾರೋ ಎದ್ದರು ಎಂದುಕೊಂಡರೆ ಅವರು ಬಾಗಿಲಿನತ್ತ ನಡೆದರು. ಅವರ ಹಿಂದೆ ಇನ್ನೊಂದು ಮನೆಯವರು. ಮತ್ತೊಂದು. ಜಗಲಿಯಲ್ಲಿ ಚಪ್ಪಲಿ ಹುಡುಕುವ ಸದ್ದು ಬಹಳ ಹೊತ್ತು ಕೇಳಿಸಿತು. ಕೂತವರೂ ಇದ್ದರು, ನೆಲ ನೋಡುತ್ತಾ ಕೂತರು. ಎಜ್ರ ಬಟ್ಟಲು ಹಿಡಿದು ನಿಂತೇ ಇದ್ದ.

ಕೊನೆಗೆ ಹೆಂಗಸರ ಕಡೆಯಿಂದ ಎಸ್ತೇರಿ ಎದ್ದಳು. ಅವಳ ಮುಖದಲ್ಲಿ ಸಿಟ್ಟು ಉರಿಯುತ್ತಿತ್ತು. ಬಂದು ಅವನೆದುರು ಮೊಣಕಾಲೂರಿ, ಅವನನ್ನು ನೋಡದೆ, ಬಟ್ಟಲಿನ ಅಂಚನ್ನು ಎರಡೂ ಕೈಯಿಂದ ಎಳೆದುಕೊಂಡು ಕುಡಿದಳು. ಎದ್ದು ಹೋಗುವಾಗ, "ಇನ್ನು ಮಕ್ಕಳಿಗೆ ಎಂತ ಹಾಕುದು ಅಂತ ನೀವೇ ನೋಡಿ," ಎಂದಳು ಅವನಿಗೆ ಮಾತ್ರ ಕೇಳುವಂತೆ. ಮತ್ತೆ ಯಾರೂ ಬರಲಿಲ್ಲ.

ಎಜ್ರ ಒಳಕೋಣೆಗೆ ಹೋಗಲಿಲ್ಲ. ಬಟ್ಟಲು ಹಿಡಿದು ಜಗಲಿಗೆ ಬಂದು, ಚಪ್ಪಲಿಗಳು ಇದ್ದ ನೆಲದಲ್ಲಿ, ಆ ಖಾಲಿ ಜಾಗದಲ್ಲಿ ಕೂತ. ನಲವತ್ತು ಜನರ ಪಾಲನ್ನು ಒಬ್ಬನೇ ಕುಡಿಯತೊಡಗಿದ. ಕೆಳಗೆ ದಾರಿಯಲ್ಲಿ ಹೋಗುತ್ತಿದ್ದ ಸಭೆಯವರು ಹಿಂತಿರುಗಿ ನೋಡುತ್ತಾ ಹೋದರು. ಗುಟುಕು ಗುಟುಕಾಗಿ ಇಳಿಯಿತು. ತಳದಲ್ಲಿ ಒಂದು ಗುಟುಕು ಉಳಿದಾಗ ನಿಲ್ಲಿಸಿದ. ಚೆಲ್ಲುವ ಹಾಗಿಲ್ಲ, ಎತ್ತಿಡುವ ಹಾಗಿಲ್ಲ, ಅದು ಅವನಿಗೆ ಗೊತ್ತಿತ್ತು. ಕುಡಿಯುವ ಹಾಗೂ ಇಲ್ಲ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಅದು ಅವನದಾಗಿರಲಿಲ್ಲ, ಚೆನ್ನುವಿನದು.

ಬಟ್ಟಲಿನ ಬಾಯಿಗೆ ಬಿಳಿ ವಸ್ತ್ರ ಬಿಗಿದು ಮಧ್ಯಾಹ್ನದ ಬಸ್ಸು ಹತ್ತಿದ. ಪೇಟೆಯ ಜನ ತುಂಬಿದ್ದರು, ಸುದ್ದಿ ಆಗಲೇ ಅವನಿಗಿಂತ ಮೊದಲು ಬಸ್ಸು ಹತ್ತಿತ್ತು. ಅವನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ದಾರಿಯುದ್ದಕ್ಕೂ ಅವನು ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ತಿರುವುಗಳಲ್ಲಿ ಚೆಲ್ಲದಂತೆ ಮೈಯನ್ನೇ ಬಾಗಿಸುತ್ತಾ ಕೂತ. ಸುಬ್ರಹ್ಮಣ್ಯದಲ್ಲಿ ಬಸ್ಸು ನಿಂತಾಗ ಎಲ್ಲರಿಗಿಂತ ಮೊದಲು ಇಳಿದ.

ಪಾತುಮ್ಮ ದೂರದಿಂದಲೇ ಅವನನ್ನು ನೋಡಿದಳು. ಕೈಯಲ್ಲಿದ್ದ ಬಟ್ಟಲನ್ನೂ ನೋಡಿದಳು. ತನ್ನ ಗಂಟನ್ನು ಎಳೆದುಕೊಂಡು ಪಕ್ಕಕ್ಕೆ ಸರಿದು, ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

"ಹೊಳೆಬದಿಗೆ ಆಮೇಲೆ ಹೋಗುವ. ಬಿಸಿಲು ಉಂಟು," ಎಂದಳು. "ಅವಳು ಕೂರ್ತಿದ್ದದ್ದು ಇಲ್ಲಿ. ಕೂತ್ಕೊಳ್ಳಿ."

ಬಸ್ಸಿನಿಂದ ಇಳಿದ ಕಡಬದ ಜನ ಎದುರಿನಿಂದ ಬರುತ್ತಿದ್ದರು. ಎಜ್ರ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು ಆ ಸಾಲಿನಲ್ಲಿ ಕೂತ.